ರಾಜನ ಬಾಯಲ್ಲಿ ನಮ್ಮ ಮಾತು

ಕನ್ನಡದ ಅಣಕು ಸಿನಿಮಾಗಳ ಚರ್ಚೆ ಬಂದಾಗ ಯಾರೂ ನೆನೆಯದ ಹೆಸರೊಂದಿದೆ: ‘ಮಹಾರಾಜರು ಊಟಕ್ಕ ಬಂದಾರ’. ಹುಮನಾಬಾದಿನ ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಈಗ ನಿವೃತ್ತರಾಗುತ್ತಿರುವ ಪೂಜ್ಯ ಮಚ್ಚೇಂದ್ರ ಸರ್ ಅವರೇ ಅದರ ನಿರ್ದೇಶಕರೆಂಬುದು ಅವರ ಶಿಷ್ಯರಿಗೂ ಗೊತ್ತಿರಲಿಲ್ಲ. ಅವರು ಗೊತ್ತಾಗಗೊಡಲಿಲ್ಲ.

ನೌಕರಿಗೆ ಸೇರುವ ಮುನ್ನ ಗೆಳೆಯರನ್ನು ಕಟ್ಟಿಕೊಂಡು, ಬಸವಕಲ್ಯಾಣದ ಕೋಟೆಯಲ್ಲೂ ನಾರಾಯಣಪುರದ ಗುಡಿಯ ಮುಂದೂ ತೆಗೆದ ಚಿತ್ರವದು. ರಾಜರ ಚಿತ್ರಗಳ ಆಡಂಬರವನ್ನು ಅಣಕಿಸುವ ಅದರಲ್ಲಿ ಮಂತ್ರಿ, ಸೇನಾಪತಿಗಳು ಗ್ರಂಥದ ಕನ್ನಡದಲ್ಲಿ ಗುಡುಗಿ ನಗೆಪಾಟಲಾಗುತ್ತಾರೆ. ರಾಜನೂ ಬಡವರೂ ಮಾತ್ರ ನಮ್ಮ ಬೀದರಿನ ಮಾತಾಡುತ್ತಾರೆ. ಬೇರೆ ಚಿತ್ರಗಳಲ್ಲಿ ಈ ಮಾತು ಕೋಡಂಗಿಗಳ ಪಾಲು. ಅದನ್ನು ಸರ್ ತಲೆಕೆಳಗು ಮಾಡಿದ್ದರು. ಸತ್ತ ಸೈನಿಕನ ತಾಯಿಯ ಮುಂದೆ ರಾಜ ಕಿರೀಟ ತೆಗೆದು ನಿಲ್ಲುತ್ತಾನೆ. “ನಿನ್ನ ಮಗನ್ನ ತಂದು ಕೊಡಾಕ ನನ್ನ ಕೈಲೆ ಆಗಲ್ಲ ಅವ್ವ. ನೀ ಬೈ, ನಾ ನಿಂತು ಕೇಳ್ತೀನಿ.” ಆ ತಾಯಿಯಾದವರು ಮೋರಖಂಡಿಯಲ್ಲಿ ಕುರಿ ಮೇಯಿಸುತ್ತಿದ್ದ ಸಖುಬಾಯಿ.

ಮೊದಲ ಆಟದಲ್ಲಿ ಟಾಕೀಸು ಅದೇ ದೃಶ್ಯಕ್ಕೆ ಬಿದ್ದು ಬಿದ್ದು ನಕ್ಕಿತು. ತಮ್ಮ ಮಾತು ಪರದೆಯ ಮೇಲೆ ಕೇಳಿದರೆ ನಗಬೇಕೆಂದೇ ರೂಢಿಯಾಗಿದ್ದ ಜನ, ಪಾಪ. ಸರ್ ಪಕ್ಕದಲ್ಲಿದ್ದ ಸಖುಬಾಯಿ ಸೆರಗನ್ನು ಮುಖಕ್ಕೆಳೆದುಕೊಂಡು, “ನಾ ಮಗ ಸತ್ತಾನಂತ ಅಳಾಕತ್ತೀನಿ, ಇವ್ರು ಯಾಕ ನಗಾಕತ್ತಾರ್ರಿ?” ಎಂದು ಕೇಳಿದರಂತೆ. ಚಿತ್ರ ಆ ವಾರವೇ ಎತ್ತಂಗಡಿಯಾಯಿತು. ಸರ್ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಆಮೇಲಿನದೆಲ್ಲ ಶಾಲೆ. ದುಬಲಗುಂಡಿಯ ಬಸ್ಸಿಳಿದು ಬರುವ ಮಕ್ಕಳು ಮನೆಯ ಮಾತಿನಲ್ಲೇ ಉತ್ತರ ಹೇಳಲಿ, ಬರೆಯುವಾಗ ತಿದ್ದೋಣ ಎನ್ನುತ್ತಿದ್ದರು. ನಗುವವರನ್ನು ಮಾತ್ರ ಸಹಿಸುತ್ತಿರಲಿಲ್ಲ. ನಾನು ಹೊಸದಾಗಿ ಸೇರಿದಾಗ, ಸಭೆಯೊಂದರಲ್ಲಿ ಬಾಯಿತಪ್ಪಿ ‘ಹ್ಯಾಂಗ’ ಎಂದದ್ದಕ್ಕೆ ಸಹೋದ್ಯೋಗಿಗಳು ಕಿಸಕ್ಕೆಂದರು; ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎಂದೂ ಶಿಷ್ಟಭಾಷೆ ಬಿಡದ ಸರ್ ಅಂದಿನ ತಮ್ಮ ಇಡೀ ಭಾಷಣವನ್ನು ಮನೆಮಾತಿನಲ್ಲೇ ಮಾಡಿದರು. ಆ ಉಪಕಾರವನ್ನು ನಾನು ಮರೆಯಲಾರೆ.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳು ಎಲ್ಲಿಂದಲೋ ಚಿತ್ರದ ಪ್ರತಿ ಸಂಪಾದಿಸಿ ಶಾಲೆಯ ಸಭಾಂಗಣದಲ್ಲಿ ತೋರಿಸಿದರು. ಸರ್ ಬೇಡವೆಂದೇ ಹಟ ಹಿಡಿದಿದ್ದರು. ವಯಸ್ಸಾದ ಸಖುಬಾಯಿ ಬಂದು ಪಕ್ಕದಲ್ಲಿ ಕೂತ ಮೇಲೆ ಸರ್ ಎದ್ದು ಹೋಗುವಂತಿರಲಿಲ್ಲ. ಸೇನಾಪತಿ “ಎಲವೆಲವೋ” ಎಂದಾಗೆಲ್ಲ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಾಜ ಕಿರೀಟ ತೆಗೆದಾಗ ಸರ್ ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡರು. ಯಾರೂ ನಗಲಿಲ್ಲ. ನನ್ನ ಹಿಂದೆ ಯಾರೋ ಬಿಕ್ಕಿದರು. ಸಖುಬಾಯಿ ಸರ್ ಮೊಣಕೈ ಮುಟ್ಟಿ, “ಕಣ್ಣು ತೆಗೀರಿ ಸರ್, ಅಳಾಕತ್ತಾರ” ಎಂದರು.

ಇಷ್ಟುದ್ದ ಗ್ರಂಥದ ಕನ್ನಡದಲ್ಲಿ ಬರೆದು ನಾನೂ ಅವರ ಸೇನಾಪತಿಯಂತಾಗಿದ್ದೇನೆ. ಹಾರೈಕೆಯನ್ನಾದರೂ ಮನೆಯ ಮಾತಿನಲ್ಲಿ ಹೇಳುತ್ತೇನೆ. ಸರ್, ನೂರು ವರ್ಷ ಬಾಳ್ರಿ. ಆದ್ರ ಮನ್ಯಾಗ ಸುಮ್ಮ ಕೂಡಬ್ಯಾಡ್ರಿ, ಎರಡನೇ ಸಿನಿಮಾ ಸುರು ಮಾಡ್ರಿ. ನಮಗ ಈಗ ಕೇಳಾಕ ಬರ್ತದರಿ.

— ದೀಪಾಲಿ, ಸಹಶಿಕ್ಷಕಿ