ಫ್ಲಾರೆನ್ಸಿನಲ್ಲಿ ಹಳದಿ ಛತ್ರಿಯ ಹಿಂದೆ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ನನ್ನ ಅಕ್ಕ ಅರಿವಳಿಕೆ ಕೊಡುವ ಡಾಕ್ಟರು. ಜನರನ್ನು ಮಲಗಿಸಿ ಎಬ್ಬಿಸಿ ಅಭ್ಯಾಸವಾಗಿರುವುದರಿಂದ, ಎಚ್ಚರವಾಗಿರುವವರೂ ತನ್ನ ಮಾತು ಕೇಳಬೇಕು ಎಂದು ಅವಳ ನಂಬಿಕೆ. ನಮ್ಮ ಇಟಲಿ ಪ್ರವಾಸಕ್ಕೆ ಅವಳೂ ಬಂದಳು. ನಮ್ಮೂರು ನೇಪರ್‌ವಿಲ್‌ನಲ್ಲಿ ಹಾಲು ತರುವುದಕ್ಕೂ ಕಾರು ತೆಗೆಯುವ ನನಗೆ, ಫ್ಲಾರೆನ್ಸಿನ ನಡುಮಧ್ಯಾಹ್ನ ನಡೆದು ನೋಡುವ ಗೈಡೆಡ್ ಟೂರ್ ಬುಕ್ ಮಾಡಿದ್ದು ಅವಳೇ. ಹೆಂಡತಿ ಜಾಣೆ, ತಲೆನೋವೆಂದು ಹೋಟೆಲಿನ ತಂಪಿನಲ್ಲಿ ಮಲಗಿಬಿಟ್ಟಳು. ಹೊರಟಿದ್ದು ನಾನು, ಅಕ್ಕ ಮತ್ತು ಹದಿನಾರರ ನನ್ನ ಮಗಳು.

ನಮ್ಮ ಗೈಡ್ ಸಣಕಲು ಹೆಂಗಸು. ಕೈಯಲ್ಲಿ ಹಳದಿ ಛತ್ರಿ. ತನ್ನ ಮಾತು ಗುಂಪಿಗೆಲ್ಲ ಕೇಳಿಸಲೆಂದು ಎಲ್ಲರ ಕಿವಿಗೂ ಒಂದೊಂದು ಯಂತ್ರ ಸಿಕ್ಕಿಸಿ, "ಛತ್ರಿ ನೋಡಿಕೊಂಡು ಬನ್ನಿ" ಎಂದಳು. ಅರಮನೆಯ ಮುಂದಿನ ಚೌಕದಲ್ಲಿ ಡೇವಿಡ್ ವಿಗ್ರಹದ ನಕಲು ನಿಂತಿತ್ತು. ಎಲ್ಲರೂ ಭಕ್ತಿಯಿಂದ ಕತ್ತೆತ್ತಿದರೆ ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

"ಕೈಮೇಲಿನ ವೇಯ್ನ್ ನೋಡೋ. ಇಂಥ ಪೇಶೆಂಟ್ ಸಿಕ್ಕಿದ್ರೆ ಐವಿ ಸೂಜಿ ಹಾಕೋದು ಎಷ್ಟು ಸುಲಭ!"

"ಅಕ್ಕ, ಮೆಲ್ಲಗೆ."

"ಕನ್ನಡ ಯಾರಿಗೆ ಅರ್ಥ ಆಗತ್ತೆ ಬಿಡೋ."

ಅಲ್ಲಿಂದ ಹೊರಟಾಗ ಕಿವಿಯ ಯಂತ್ರ ಗೊರಗೊರ ಎಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿರಬೇಕೆಂದು ನಾವು ಛತ್ರಿಯ ಹತ್ತಿರಕ್ಕೇ ಹೋಗಿ ನಿಂತೆವು. ಒಂದು ಇಗರ್ಜಿ, ಒಂದು ಕಾರಂಜಿ, ಯಾರದೋ ಸಾಹುಕಾರರ ಮನೆ. ಗೈಡ್ ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ. ಆದರೂ ನಾನು ಆಫೀಸಿನ ಮೀಟಿಂಗಿನಲ್ಲಿ ಮಾಡುವ ಹಾಗೆ ತಲೆಯಾಡಿಸುತ್ತಲೇ ಇದ್ದೆ. ಅಕ್ಕ ಫೋಟೊ ಹೊಡೆಯುವುದರಲ್ಲಿ ಮುಳುಗಿದ್ದಳು.

ಮಗಳು ಫೋನಿನಿಂದ ತಲೆಯೆತ್ತಿದಳು. "ಅಪ್ಪಾ, ಅವರ್ ಗೈಡ್ ವಾಸ್ ಎ ವುಮನ್."

ಛತ್ರಿಯೇನೋ ಹಳದಿಯೇ, ಕೆಳಗೆ ನೋಡಿದರೆ ಎದೆಯವರೆಗೆ ಗಡ್ಡ ಬಿಟ್ಟ ಗಂಡಸು! ಬ್ರೆಜಿಲ್‌ನವರ ಗುಂಪಿಗೆ ಪೋರ್ಚುಗೀಸಿನಲ್ಲಿ ಊರು ತೋರಿಸುತ್ತಿದ್ದ.

"ಛತ್ರಿ ನೋಡು ಅಂದ್ಲು, ನೋಡ್ದೆ. ಮುಖ ನೋಡು ಅಂದಿದ್ಲಾ?" ಎಂದು ಅಕ್ಕ ನನ್ನ ಮೇಲೇ ರೇಗಿದಳು.

ನಮ್ಮ ಗುಂಪಿನ ಸುಳಿವಿರಲಿಲ್ಲ. ಐಸ್‌ಕ್ರೀಂ ತಿಂದು ಹೋಟೆಲಿಗೆ ಹೋಗೋಣ ಎಂದೆ. ಅಕ್ಕ ಒಪ್ಪಲಿಲ್ಲ. ವಿಮಾನದಲ್ಲಿ ಓದಿಕೊಂಡು ಬಂದಿದ್ದಳಂತೆ, ತಾನೇ ತೋರಿಸುವಳಂತೆ. ಬ್ಯಾಗಿನಿಂದ ತನ್ನ ಮಡಚುವ ಛತ್ರಿ ತೆಗೆದು ಎತ್ತಿ ಹಿಡಿದು ಮುಂದೆ ನಡೆದಳು. ಊರಿನ ದೊಡ್ಡ ಇಗರ್ಜಿಯ ಗುಮ್ಮಟದ ಎದುರು ನಿಂತು ಮಗಳಿಗಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಗುಮ್ಮಟಕ್ಕೆ ಎಂಟು ಮುಖ ಇರುವುದು ಊರಿನ ಎಂಟು ಶ್ರೀಮಂತ ಮನೆತನಗಳು ಜಗಳವಾಡದಿರಲಿ ಅಂತ, ಒಂದೊಂದು ಮನೆಗೆ ಒಂದೊಂದು ಮುಖ. ಇದನ್ನು ಅವಳು ಎಲ್ಲೂ ಓದಿರಲಿಲ್ಲ ಎಂದು ನನಗೆ ಖಾತ್ರಿಯಿತ್ತು. ಅಷ್ಟರಲ್ಲಿ ವಯಸ್ಸಾದ ಅಮೆರಿಕನ್ ಗಂಡಹೆಂಡತಿ ಬಂದು ಪಕ್ಕದಲ್ಲಿ ನಿಂತರು. ಆಕೆ ಕೈಯೆತ್ತಿ ಪ್ರಶ್ನೆಯನ್ನೂ ಕೇಳಿದಳು. ಅಕ್ಕನ ದನಿ ಇನ್ನೂ ಏರಿತು.

ಹೊಳೆಯ ಮೇಲಿನ ಹಳೇ ಸೇತುವೆಯವರೆಗೂ ಅವರಿಬ್ಬರು ನಮ್ಮನ್ನು ಬಿಡಲಿಲ್ಲ. ಗಂಡನಿಗೆ ಮಂಡಿನೋವು. ಅಕ್ಕ ಅವನನ್ನು ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಮಂಡಿ ಒತ್ತಿ ನೋಡಿ, ಯಾವ ವ್ಯಾಯಾಮ ಮಾಡಬೇಕೆಂದು ಸೇತುವೆಯ ಮೇಲೇ ಮಾಡಿ ತೋರಿಸಿದಳು. ಹಾದುಹೋಗುತ್ತಿದ್ದ ಜನ ಅದರ ಫೋಟೊ ತೆಗೆದುಕೊಂಡರು. ಮಗಳು ನಮಗೂ ತನಗೂ ಸಂಬಂಧವಿಲ್ಲವೆಂಬಂತೆ ಹೊಳೆ ನೋಡುತ್ತ ನಿಂತಳು.

ಆಗಲೇ ನಮ್ಮ ಅಸಲಿ ಗೈಡ್ ಏದುಸಿರು ಬಿಡುತ್ತ ಓಡಿ ಬಂದದ್ದು. ಹುಡುಕುತ್ತಿದ್ದುದು ನಮ್ಮನ್ನಷ್ಟೇ ಅಲ್ಲ, ಈ ದಂಪತಿಯನ್ನೂ. ಅವರೂ ಅವಳ ಗುಂಪಿನವರೇ, ಅಕ್ಕನ ಛತ್ರಿ ನೋಡಿ ಹಿಂದೆ ಬಂದವರು.

"ನೀವು ನನ್ನ ಜನರನ್ನು ಕದ್ದಿರಿ!" ಎಂದಳು ಅಕ್ಕನಿಗೆ.

"ನಾವು ಈ ಡಾಕ್ಟರ ಜೊತೆಗೇ ಇರುತ್ತೇವೆ" ಎಂದ ಮುದುಕ, ಕೂತಲ್ಲಿಂದಲೇ.

ಗುಮ್ಮಟದ ಎಂಟು ಮನೆತನಗಳ ಕತೆಯನ್ನು ಅವನ ಹೆಂಡತಿ ಉತ್ಸಾಹದಿಂದ ಒಪ್ಪಿಸಿದಳು. ಗೈಡ್ ಬೆವರೊರೆಸಿಕೊಂಡು, ಹಾಗೇನೂ ಇಲ್ಲ, ಅದು ಶುದ್ಧ ಸುಳ್ಳು ಎಂದಳು.

"ಹೌದಾ? ನಿಮಗೆ ಯಾರು ಹೇಳಿದ್ದು?" ಎಂದು ಅಕ್ಕ ಕೇಳಿದಳು.

ಗೈಡ್‌ಗೆ ನಗು ತಡೆಯಲಾಗಲಿಲ್ಲ. ಮುದುಕನ ಪಕ್ಕದಲ್ಲೇ ಕುಸಿದು ಕೂತು, ತನ್ನ ಸೊಂಟವೂ ಬಹಳ ದಿನದಿಂದ ನೋಯುತ್ತಿದೆ ಎಂದಳು. ಅಕ್ಕ ಛತ್ರಿ ಮಡಚಿ ನನ್ನ ಕೈಗೆ ಕೊಟ್ಟು ಅವಳತ್ತ ತಿರುಗಿದಳು.