ರಾಜಣ್ಣನವರ ಎಡಗಿವಿ

ರಾಜಣ್ಣನವರೇ, ನಿಮ್ಮ ಎಡಗಿವಿ ಕೆಡಿಸಿದವನು ನಾನು. ಇದು ನಿಮಗೆ ಹೊಸ ಸುದ್ದಿಯೇನಲ್ಲ, ಏಟು ಬಿದ್ದದ್ದು ನಿಮಗೇ. ಆದರೆ ಯಾಕೆ ಬಿತ್ತು ಅನ್ನುವುದನ್ನು ಈ ಪುಟ್ಟಸ್ವಾಮಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಕುದೇರಿನಲ್ಲಿ ನನ್ನ ರಾಗಿ ಹೊಲಕ್ಕೂ ಮಾದಪ್ಪನ ಹೊಲಕ್ಕೂ ನಡುವೆ ಇರುವುದು ಒಂದು ಬದು. ಆ ವರ್ಷ ಮೋಡ ಕವಿದುಕೊಂಡೇ ಇತ್ತು. ಎಲೆಗಳ ಮೇಲೆ ಬೆಂಕಿ ರೋಗದ ಚುಕ್ಕೆ ಕಾಣಿಸಿತು. ಚಾಮರಾಜನಗರದ ನಿಮ್ಮ ಅಂಗಡಿಯಲ್ಲಿ ಇಬ್ಬರಿಗೂ ಔಷಧಿ ಪುಡಿ ಕೊಟ್ಟು ಹೇಳಿದಿರಿ: "ಇಬ್ರೂ ಒಂದೇ ದಿನ ಹೊಡೀರಿ. ಒಬ್ರು ಬುಟ್ರೆ ಇನ್ನೊಬ್ರುದೂ ದಂಡ ಕಣ್ರಪ್ಪಾ."

ಒಂದೇ ದಿನ ಹೊಡೆದೆವು. ಮಾದಪ್ಪ ಔಷಧಿ, ನಾನು ಬರೀ ನೀರು. ಹಸು ತಿನ್ನುವ ರಾಗಿ ಹುಲ್ಲಿಗೆ ವಿಷ ಹಾಕಬಾರದೆಂಬುದು ನನ್ನ ಘನ ಸಿದ್ಧಾಂತ — ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೊಂದಿರಲಿಲ್ಲ. ಬೆನ್ನಿಗೆ ಕ್ಯಾನು ಏರಿಸಿ, ಮೂಗಿಗೆ ಟವೆಲು ಸುತ್ತಿ, ತೀರ್ಥ ಪ್ರೋಕ್ಷಿಸುವ ಅಯ್ನೋರ ಗಾಂಭೀರ್ಯದಲ್ಲಿ ಸಾಲುಸಾಲಿಗೂ ನೀರು ಚಿಮುಕಿಸಿದೆ.

ತೆನೆ ಬಂದಾಗ ರೋಗ ಎಲೆಯಿಂದ ತೆನೆಯ ಕುತ್ತಿಗೆಗೆ ಏರಿತು. ಮೊದಲು ನನ್ನ ಹೊಲ, ಆಮೇಲೆ ಬದು ದಾಟಿ ಮಾದಪ್ಪನದು. ತೆನೆಗಳು ಕಪ್ಪಾಗಿ ಮುರಿದು ಜೋತವು, ಒಳಗೆಲ್ಲ ಜೊಳ್ಳು. ಮಾದಪ್ಪ ಒಂದು ಹಿಡಿ ಕಿತ್ತುಕೊಂಡ. "ನಡೀಲಾ ಪುಟ್ಟಸ್ವಾಮಿ, ಆ ಬಡ್ಡೈದುನ್ನ ಸಿಗ್ದಾಕನ." ನಡೆದೆ.

ನಿಮ್ಮ ಅಂಗಡಿಗೆ ನುಗ್ಗಿ ಅವನು ತೆನೆಗಳನ್ನು ನಿಮ್ಮ ಮುಖಕ್ಕೆ ಎಸೆದ. "ಮೈದಾಹಿಟ್ಟು ಮಾರ್ಬುಟ್ಟಲ್ಲೋ!" ನೀವು ಅವನನ್ನಲ್ಲ, ನನ್ನನ್ನು ನೋಡಿದಿರಿ. "ಪುಟ್ಟಸ್ವಾಮಣ್ಣ, ನೀನೂ ಅವತ್ತೇ ಔಷಧಿ —"

ಆ ಮಾತು ಮುಗಿಯಬಾರದೆಂದೇ ಬೀಸಿದೆ. ನೀವು ಗೊಬ್ಬರದ ಮೂಟೆಗಳ ಮೇಲೆ ಬಿದ್ದಿರಿ, ಕಿವಿಯಿಂದ ರಕ್ತ. ಮಾದಪ್ಪ ಒದೆಯುತ್ತಿದ್ದ, ನೀವು ಏಳದಂತೆ ನಾನು ತೋಳು ಮೆಟ್ಟಿ ನಿಂತೆ. ಅವನದು ಕೋಪ. ನನ್ನದು — ನೀವು ಉಸಿರು ತೆಗೆದುಕೊಂಡರೆ ಮತ್ತೆ ಕೇಳಿಬಿಡುತ್ತೀರೆಂಬ ಭಯ. ಬಿಡಿಸಿದ ಜನ ನನ್ನ ಕೈಗೇ ನೀರಿನ ಲೋಟ ಕೊಟ್ಟರು: "ಪಾಪ, ಬೆಳೆ ಹೋದ ಹೊಟ್ಟೆಯುರಿ." ಕುಡಿದೆ.

ಕಳ್ಳ ಔಷಧಿಯವನೆಂಬ ಹೆಸರು ನಿಮ್ಮ ಅಂಗಡಿ ಮುಚ್ಚಿಸಿತು. ಈಗ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತೀರಂತೆ...

ನೀವು ಕೊಟ್ಟ ಪೊಟ್ಟಣ ಒಡೆಯದೆ ನಮ್ಮ ಅಟ್ಟದ ಮೇಲಿದೆ. ನಾಳೆ ಮೊದಲು ಅದನ್ನು ಮಾದಪ್ಪನ ಕೈಗಿಡುತ್ತೇನೆ. ಅವನ ಕಾಲಿನ ಬಲ ನಿಮಗೂ ಗೊತ್ತು. ಏನು ಮಾಡುತ್ತಾನೋ ಮಾಡಲಿ. ನಡೆಯುವಷ್ಟು ಉಳಿದರೆ ನಿಮ್ಮ ಮನೆಗೆ ಬಂದು, ನಿಮ್ಮ ಬಲಗಡೆ ನಿಂತು, ಅವತ್ತಿನ ಅರ್ಧ ಪ್ರಶ್ನೆಗೆ ಉತ್ತರ ಹೇಳುತ್ತೇನೆ:

ಇಲ್ಲ ರಾಜಣ್ಣ. ನನ್ನ ಕ್ಯಾನಿನಲ್ಲಿದ್ದದ್ದು ಬರೀ ನೀರು.