ಲಕ್ಕವ್ವನ ಕೊರಳಿನ ರಟ್ಟು

“ಇಂಗ್ಲಿಷಿನ್ಯಾಗ ಐತ್ರಿ ಅಕ್ಕಾರ, ಏನ ಬರದಾರ ಓದಿ ಹೇಳ್ರಿ.” ಮೂಡಲಗಿಯ ದವಾಖಾನೆಯಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ತನ್ನ ಮೊಣಕಾಲಿನ ರಿಪೋರ್ಟನ್ನು ನನ್ನ ಕೈಗಿಟ್ಟಳು. ಕುರಿಗಳ ಹಿಂದೆ ತಿರುಗಿ ತಿರುಗಿ ಕಾಲು ಹೋದವೆಂದು ಆಗಲೇ ಹೇಳಿದ್ದಳು. ನಾನು ಓದಿದೆ: “ಆರ್ಥ್ರೈಟಿಸ್.”

ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. “ಆರ್ಥ್ರೋ ಅಂದ್ರ ನಾನಲ್ಲೇನ? ನೀ ನಮ್ಮ ಕಲ್ಲೋಳಿ ಸಾಲಿ ಐಟಿಸ್ ಹೌದಿಲ್ಲ?”

ಲಕ್ಕವ್ವ! ಶಾಲೆಯಲ್ಲಿ ನನ್ನ ತರಗತಿಯವಳು. ನಮ್ಮ ವಿಜ್ಞಾನದ ಮಾಸ್ತರರು ವೈದ್ಯಕೀಯ ಹೆಸರುಗಳೊಳಗಿನ ಗ್ರೀಕ್ ತುಂಡುಗಳನ್ನು ರಟ್ಟಿನ ಮೇಲೆ ಬರೆದು ನಮ್ಮ ಕೊರಳಿಗೆ ಕಟ್ಟಿ ಆಟ ಆಡಿಸುತ್ತಿದ್ದರು. ಲಕ್ಕವ್ವ ಆರ್ಥ್ರೋ, ಅಂದರೆ ಕೀಲು. ಇನ್ನೊಬ್ಬಳು ಗ್ಯಾಸ್ಟ್ರೋ, ಅಂದರೆ ಹೊಟ್ಟೆ. ನಾನು ಐಟಿಸ್, ಅಂದರೆ ಉರಿಯೂತ. ನಾನು ಓಡಿಹೋಗಿ ಯಾರ ಹಿಂದೆ ನಿಲ್ಲುತ್ತೇನೋ ಅವರಿಗೆ ಆ ಬೇನೆ ಬರಬೇಕು. ನಾನು ಹಿಂದೆ ನಿಂತರೆ ಸಾಕು, ಎರಡೂ ರಟ್ಟು ಸೇರಿ ಆರ್ಥ್ರೈಟಿಸ್ ಆಗಿ, ಲಕ್ಕವ್ವ “ಯವ್ವಾ, ನನ್ನ ಮೊಣಕಾಲ!” ಎಂದು ಕುಂಟುತ್ತ ಶಾಲೆಯ ಅಂಗಳ ಸುತ್ತುತ್ತಿದ್ದಳು. ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಏಳನೇ ತರಗತಿ ಮುಗಿಯುವ ಮೊದಲೇ ಅವಳು ಶಾಲೆ ಬಿಟ್ಟಳು. ನಾನು ಅವಳನ್ನು ಮರೆತೇ ಬಿಟ್ಟಿದ್ದೆ.

“ಆವಾಗ ಸುಳ್ಳ ಸುಳ್ಳ ಕುಂಟತಿದ್ನಿ,” ಎಂದು ಲಕ್ಕವ್ವ ನಕ್ಕಳು.

ಅಷ್ಟರಲ್ಲಿ ಅವಳ ನಂಬರ್ ಕೂಗಿದರು. ಎದ್ದು ನಿಂತಳು, ಹೆಜ್ಜೆ ಮುಂದೆ ಬರಲಿಲ್ಲ. ಅಷ್ಟು ವರ್ಷಗಳ ಮೇಲೆ ನಾನು ಮತ್ತೆ ಅವಳ ಹಿಂದೆ ಹೋಗಿ ನಿಂತೆ, ಈ ಸಲ ಅವಳು ಬೀಳದ ಹಾಗೆ ಹಿಡಿದುಕೊಳ್ಳಲು.